ಕೂಡದವರು

ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂದು ದೊಡ್ಡ ಕೋಣೆಯಿತ್ತು. ಹೊರಗಿನಿಂದ ಬಂದವರಿಗೆ ಅದನ್ನು ‘ಪ್ರಭಾವ ಕೊಠಡಿ’ ಎಂದು ತೋರಿಸುತ್ತಿದ್ದರು. ಒಳಗಿನವರು ‘ಅಂಗಡಿ’ ಎನ್ನುತ್ತಿದ್ದರು. ಸಂಸ್ಥೆಯಿಂದ ಹೊರಬಿದ್ದ ಒಂದೊಂದು ಪ್ರಬಂಧವೂ ಈಗ ಜಗತ್ತಿನಲ್ಲಿ ಏನು ಮಾಡುತ್ತಿದೆ ಎಂಬುದು ಅಲ್ಲಿನ ಗೋಡೆಯಗಲದ ಪರದೆಯ ಮೇಲೆ ಕಾಣುತ್ತಿತ್ತು. ಯಾರಾದರೂ ಉಲ್ಲೇಖಿಸಿದರೆ ಒಂದು ನೀಲಿ ಚುಕ್ಕೆ. ಕೋರ್ಟಿನಲ್ಲೋ ಕಾನೂನಿನಲ್ಲೋ ಬಳಸಿದರೆ ಹಳದಿ. ಅದರಿಂದ ಹುಟ್ಟಿದ ಯಂತ್ರ ಎಲ್ಲಾದರೂ ಒಮ್ಮೆ ಓಡಿದರೆ ಕೆಂಪು. ಹೆಚ್ಚಿನ ಪ್ರಬಂಧಗಳು ಒಂದಿಷ್ಟು ನೀಲಿ ಚುಕ್ಕೆ ಇಟ್ಟುಕೊಂಡು ತಣ್ಣಗೆ ಸತ್ತಿದ್ದವು. ಸುಧಾಮಣಿಯ ಪ್ರಬಂಧ ಮಾತ್ರ ಮೂವತ್ತೈದು ವರ್ಷ ಕಳೆದರೂ ಸತ್ತಿರಲಿಲ್ಲ. ಉತ್ತರ ಕರ್ನಾಟಕದ ನಕ್ಷೆಯ ಮೇಲೆ ಅದು ದಡಾರದ ಗುಳ್ಳೆಗಳ ಹಾಗೆ ಕೆಂಪಗೆ ಎದ್ದಿತ್ತು.

“ನೋಡಿ ಮೇಡಂ, ಈಗ ಲಗ್ನದ ಸೀಸನ್ ಅಲ್ವಾ, ಅದಕ್ಕೇ ಈ ಹೊಳಪು,” ಎಂದ ನಿರ್ದೇಶಕ ಯಶವಂತ. ನಲವತ್ತು ದಾಟದ ಮನುಷ್ಯ. ಸುಧಾಮಣಿ ನಿವೃತ್ತಳಾದ ಮೇಲೆ ಬಂದವನು. “ನಮ್ಮ ಸಂಸ್ಥೆಗೆ ಬರೋ ಅನುದಾನದಲ್ಲಿ ಅರ್ಧ ನಿಮ್ಮ ಹೆಸರಲ್ಲೇ ಬರೋದು. ನಾವೆಲ್ಲ ನಿಮ್ಮ ಮನೆ ಅನ್ನ ತಿಂತಿದೀವಿ ಅಂತ ತಮಾಷೆ ಮಾಡ್ತಿರ್ತೀವಿ.”

“ಆ ಅನ್ನ ನನಗೂ ಸೇರಲ್ಲ ಕಣಪ್ಪ,” ಎಂದಳು ಸುಧಾಮಣಿ.

ಅವನು ಅದನ್ನೂ ತಮಾಷೆಯೆಂದೇ ತಿಳಿದು ನಕ್ಕ.

ಪ್ರಬಂಧದಲ್ಲಿ ಇದ್ದದ್ದು ಸರಳ ಸಂಗತಿ. ಕೃಷ್ಣಾ ತೀರದ ನೇಕಾರರಲ್ಲಿ ಬೆಡಗುಗಳುಂಟು. ಬೆಡಗು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಮದುವೆಯಿಲ್ಲ. ಗಂಡಸಿನ ದೇಹದಲ್ಲಿ ವೈ ಎಂಬ ವರ್ಣತಂತುವೂ ಹಾಗೆಯೇ, ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಬಾಯಿಮಾತಿನ ಬೆಡಗೂ ಮೈಯೊಳಗಿನ ವರ್ಣತಂತುವೂ ಎಷ್ಟರ ಮಟ್ಟಿಗೆ ಒಂದಕ್ಕೊಂದು ತಾಳೆಯಾಗುತ್ತವೆ ಎಂದು ಮೂವತ್ತಮೂರು ವರ್ಷದ ಸುಧಾಮಣಿ ಊರೂರು ತಿರುಗಿ ಎಂಜಲು ಕೂಡಿಸಿ ನೋಡಿದ್ದಳು. ನೂರಕ್ಕೆ ಎಂಬತ್ತಾರು ತಾಳೆಯಾಗಿತ್ತು. ಓದುಬರಹವಿಲ್ಲದ ಜನ ಇಷ್ಟು ಶತಮಾನ ತಮ್ಮ ಮೂಲವನ್ನು ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಅವಳು ಹಿಗ್ಗಿ ಬರೆದಿದ್ದಳು. ಉಳಿದ ಹದಿನಾಲ್ಕಕ್ಕೆ ಕಾರಣಗಳನ್ನೂ ಬರೆದಿದ್ದಳು: ದತ್ತು ತೆಗೆದುಕೊಂಡದ್ದು, ಮನೆಅಳಿಯನಾಗಿ ಬಂದು ಹೆಂಡತಿಯ ಬೆಡಗು ಹಿಡಿದದ್ದು, ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ ಬಂದ ಹೆಂಗಸಿನ ಜೊತೆ ಬಂದ ಮಕ್ಕಳು. ಈ ಭಾಗವನ್ನು ಯಾರೂ ಓದಲಿಲ್ಲ. ಹದಿನಾಲ್ಕಕ್ಕೆ ಜನರಿಗೆ ಒಂದೇ ಕಾರಣ ಗೊತ್ತಿತ್ತು. ಅದು ಆ ಮನೆಯ ಯಾವುದೋ ಅಜ್ಜಿಯ ನಡತೆ.

ಕೆಲವು ವರ್ಷಗಳಲ್ಲೇ ಒಂದು ಕಂಪನಿ ಅದನ್ನು ಅಂಗೈಯಗಲದ ಯಂತ್ರ ಮಾಡಿ ಮಾರುಕಟ್ಟೆಗೆ ಬಿಟ್ಟಿತು. ನಳಿಕೆಗೆ ಉಗುಳಿ, ಬೆಡಗಿನ ಹೆಸರು ಒತ್ತಿದರೆ ಒಂದು ಚೀಟಿ ಬರುತ್ತಿತ್ತು. ಚೀಟಿಯ ಮೇಲೆ ಕನ್ನಡದಲ್ಲಿ ಏನು ಹಾಕಬೇಕೆಂದು ಕಂಪನಿಯವರು ಸುಧಾಮಣಿಯನ್ನೇ ಕೇಳಿದ್ದರು. ಜಾಗ ಕಡಿಮೆ, ಚಿಕ್ಕ ಶಬ್ದ ಕೊಡಿ ಎಂದಿದ್ದರು. ಅವಳು ಲೆಕ್ಕದ ಮೇಷ್ಟರ ಮಗಳು. ಉತ್ತರ ತಾಳೆಯಾದರೆ ‘ಕೂಡಿತು’, ಆಗದಿದ್ದರೆ ‘ಕೂಡದು’ ಎನ್ನುತ್ತ ಬೆಳೆದವಳು. ಅದನ್ನೇ ಕೊಟ್ಟಳು.

ಚೀಟಿ ಹಿರಿಯರ ಕೈಗೆ ಹೋಯಿತು. ಮದುವೆಯ ಮಾತುಕತೆಯ ನಡುವೆ, ಎಲೆಅಡಿಕೆಯ ತಟ್ಟೆಯ ಪಕ್ಕದಲ್ಲಿ, ಯಂತ್ರವೊಂದು ‘ಕೂಡದು’ ಎಂದು ಮುದ್ರಿಸಿ ಕೊಟ್ಟರೆ ಅವರು ಅದನ್ನು ಲೆಕ್ಕವೆಂದು ಯಾಕೆ ಓದುತ್ತಾರೆ? ಸರ್ಕಾರ ಬೇಡವೆಂದಿದೆ, ವಿಜ್ಞಾನ ಬೇಡವೆಂದಿದೆ. ಈ ಲಗ್ನ ಕೂಡದು. ಈ ಮನೆಯಲ್ಲಿ ಊಟ ಕೂಡದು. ಸುಧಾಮಣಿ ಪತ್ರಿಕೆಗಳಿಗೆ ಬರೆದಳು, ಟೀವಿಯಲ್ಲಿ ಕೂತು ಹೇಳಿದಳು. ಕಂಪನಿ ಶಬ್ದ ಬದಲಾಯಿಸಿತು ಕೂಡ. ಆದರೆ ಅಷ್ಟು ಹೊತ್ತಿಗೆ ಅದು ಚೀಟಿ ಬಿಟ್ಟು ಜನರ ಬಾಯಿಗೆ ಬಂದಿತ್ತು. ‘ಕೂಡದವರು’ ಎಂದರೆ ಯಾರೆಂದು ಏಳು ಜಿಲ್ಲೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಶವಂತ ಅವಳನ್ನು ಕರೆಸಿದ್ದು ಪರದೆ ತೋರಿಸಲಿಕ್ಕಲ್ಲ. ಧಾರವಾಡದಿಂದ ಒಂದು ಹೊಸ ಪ್ರಬಂಧ ವಿಮರ್ಶೆಗೆ ಬಂದಿತ್ತು. ಬರೆದವಳು ನಸೀಮಾ ಹುಲಗೂರ, ಸುಧಾಮಣಿಯ ಕೊನೆಯ ಶಿಷ್ಯೆ. ಈಗ ವಿಮರ್ಶಕರ ಹೆಸರು ಮುಚ್ಚಿಡುವ ಪದ್ಧತಿ ಇರಲಿಲ್ಲ. ಮೂಲ ಪ್ರಬಂಧ ಬರೆದವರು ಬದುಕಿದ್ದರೆ ಅವರ ಒಪ್ಪಿಗೆ ಇಲ್ಲದೆ ಪತ್ರಿಕೆ ಅದನ್ನು ಅಚ್ಚು ಹಾಕುತ್ತಿರಲಿಲ್ಲ. ಶೀರ್ಷಿಕೆ: ‘ಮಗ್ಗದಾಳದ ಕೂಡದವರು: ರೂಪುಗೊಂಡಿರುವ ಒಂದು ಹೊಸ ಜನಸಮೂಹ.’

ಸುಧಾಮಣಿ ಅಲ್ಲಿಯೇ ನಿಂತು ಓದಿದಳು. ಓದಿ ಮುಗಿಸಿ ಫೋನ್ ಮಾಡಿದಳು.

“ಏನೇ ಇದು? ಅವರು ಜನಸಮೂಹ ಹೇಗಾಗ್ತಾರೆ? ನನ್ನ ಕೋಷ್ಟಕದಲ್ಲಿ ಮಿಕ್ಕಿದ ಸಾಲು ಅದು.”

“ಆಗ ಸಾಲು ಇದ್ದರ್ರಿ ಮೇಡಂ, ಈಗ ಜನ ಆಗ್ಯಾರ,” ಎಂದಳು ನಸೀಮಾ. “ಬ್ಯಾರೆದವರು ಹೆಣ್ಣು ಕೊಡಲಿಲ್ಲ, ತಗೊಳ್ಳಲಿಲ್ಲ. ತಮ್ಮತಮ್ಮೊಳಗ ಮಾಡ್ಕೊಂಡ್ರು. ಅದೂ ಸಾಲದs ಅಕ್ಕನ ಮಗಳನ್ನ ತಂದ್ರು. ಎರಡು ತಲಿಮಾರು ಆತು. ಈಗ ಮೊಮ್ಮಕ್ಕಳ ಕಾಲು ಬೀಳಾಕ್ಹತ್ತ್ಯಾವ. ನೀವು ಬಂದು ನೋಡ್ರಿ, ಆಮ್ಯಾಲೆ ಏನ್ ಬೇಕಾದ್ರ ಬರೀರಿ.”

ಮಗ್ಗದಾಳ ಗುಡ್ಡದ ಕೆಳಗಿನ ಊರು. ಪವರ್‌ಲೂಮುಗಳ ಸದ್ದು ಊರ ಹೊರಗೇ ಕಿವಿಗೆ ಬಡಿಯುತ್ತದೆ. ಕೂಡದವರ ಓಣಿ ಹಳೆಯ ಬಣ್ಣದ ಕಾರ್ಖಾನೆಯ ಹಿಂದೆ ಇತ್ತು. ಅದರ ಬಾಯಿಗೆ ಕಮಾನು ಕಟ್ಟಿ, ‘ಕೂಡದವರ ಸಮಾಜ ಸಂಘ’ ಎಂದು ಬರೆಸಿದ್ದರು. ಬೈಗುಳವನ್ನೇ ಬಣ್ಣ ಹಚ್ಚಿ ಮೇಲೆ ಏರಿಸಿದ್ದನ್ನು ಓದುತ್ತ ಸುಧಾಮಣಿ ಕಮಾನಿನ ಕೆಳಗೇ ನಿಂತಳು.

ನಸೀಮಾ ಕರೆದೊಯ್ದದ್ದು ದ್ರಾಕ್ಷಾಯಣಿಯ ಮನೆಗೆ. ಐವತ್ತು ದಾಟಿದ ಹೆಂಗಸು. ಮುಂದಿನ ಪಡಸಾಲೆಯಲ್ಲೇ ಮಗ್ಗ. ನೇಯುವವರು ಕಾಲಿಳಿಸುವ ಮಗ್ಗದ ಕುಣಿಯ ಅಂಚಿನಲ್ಲಿ ಆರು ವರ್ಷದ ಮೊಮ್ಮಗಳು ಶಿವಲೀಲಾ ಕೂತು ಉಳಿದ ನೂಲಿನಿಂದ ಗೊಂಬೆಗೆ ಜಡೆ ಹಾಕುತ್ತಿದ್ದಳು. ಸಂಘದ ಅಧ್ಯಕ್ಷ ಮುರಿಗೆಪ್ಪ ಆಗಲೇ ಬಂದು ಕುರ್ಚಿ ಹಿಡಿದಿದ್ದ.

“ಇವರs ಏನ್ ನಸೀಮಾ, ಆ ಕೂಡದು ಬರದಾಕಿ?” ಎಂದು ಕೇಳಿದಳು ದ್ರಾಕ್ಷಾಯಣಿ.

“ಹೌದ್ರಿ ಅಕ್ಕಾರ.”

ದ್ರಾಕ್ಷಾಯಣಿ ಸುಧಾಮಣಿಯನ್ನು ಮೇಲಿಂದ ಕೆಳಗೆ ನೋಡಿದಳು. “ನಾ ಏನೋ ಭಾಳ ದೊಡ್ಡ ಹೆಂಗಸು ಅನ್ಕೊಂಡಿದ್ದೆ. ನೀವು ನೋಡಿದ್ರ ನಮ್ಮ ಅಂಗನವಾಡಿ ಟೀಚರ್ ಇದ್ದಂಗ ಇದ್ದೀರಿ. ಕುಂದರ್ರಿ. ಚಾ ಕುಡೀತೀರಿ? ನಮ್ಮನ್ಯಾಗ ಕುಡೀಬಹುದೋ, ಅದಕ್ಕೂ ಚೀಟಿ ಬೇಕೋ?”

“ಕೊಡಿ, ಕುಡೀತೀನಿ.”

“ಸಕ್ಕರಿ ಜಾಸ್ತಿ ಇರತೈತಿ. ನಮ್ಮ ಕಡೆ ಹಂಗs.”

ಚಹಾ ಮಾಡಿಕೊಂಡು ಬಂದವಳು ತನ್ನ ಕತೆಯನ್ನು ಬೇರೆ ಯಾರದೋ ಎಂಬಂತೆ ಹೇಳಿದಳು. ಹತ್ತೊಂಬತ್ತು ವರ್ಷಕ್ಕೆ ನಿಶ್ಚಯವಾಗಿತ್ತು. ಬೀಗರು ಅಪ್ಪನ ಎಂಜಲು ಕೇಳಿದರು. ಅಪ್ಪ ನಗುತ್ತಲೇ ಉಗುಳಿ ಕೊಟ್ಟ. ಚೀಟಿ ಬಂದ ಮೇಲೆ ಬೀಗರು ಕೊಟ್ಟ ಸೀರೆಯನ್ನು ಉಟ್ಟಿದ್ದ ಮೈಮೇಲಿಂದಲೇ ಕೇಳಿ ಇಸಕೊಂಡು ಹೋದರು. ಅಪ್ಪನ ಮುತ್ತಜ್ಜ ದತ್ತುಮಗನೆಂದು ಇಡೀ ಊರಿಗೆ ಗೊತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

“ಅದನ್ನ ನಾನು ಬರ್ದಿದ್ದೆ,” ಎಂದಳು ಸುಧಾಮಣಿ. “ದತ್ತು ಇರಬಹುದು ಅಂತ ಪ್ರಬಂಧದಲ್ಲಿ ಸ್ಪಷ್ಟವಾಗಿ...”

“ಇಂಗ್ಲೀಷಿನ್ಯಾಗ ಬರದಿದ್ರೇನ್ರಿ?”

ದ್ರಾಕ್ಷಾಯಣಿ ಮೊಮ್ಮಗಳ ಕಡೆ ತಿರುಗಿದಳು.

“ಲೀಲಾ, ಏಳವಾ, ಅಮ್ಮಾರಿಗೆ ನಡದು ತೋರಸು.”

ಮಗು ಗೊಂಬೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯನ್ನು ನೆಲಕ್ಕೆ ಊರಿ, ಆಮೇಲೆ ಮೊಣಕಾಲಿಗೆ ಊರಿ, ತನ್ನ ಮೈಯನ್ನೇ ಮೆಟ್ಟಿಲು ಮಾಡಿಕೊಂಡು ಎದ್ದು ನಿಂತಿತು. ಬಾಗಿಲವರೆಗೆ ಬಾತುಕೋಳಿಯ ಹಾಗೆ ಹೋಯಿತು. ತಿರುಗುವಾಗ ಬಿತ್ತು. ಅಳಲಿಲ್ಲ, ರೂಢಿಯಾಗಿತ್ತು. ಓಣಿಯಲ್ಲಿ ಇಂಥ ಮಕ್ಕಳು ಇನ್ನೂ ಇದ್ದವು. ಹತ್ತು ದಾಟುವುದರೊಳಗೆ ಕಾಲು ಪೂರಾ ಹೋಗುತ್ತದೆ, ಹದಿನೈದಕ್ಕೆ ಉಸಿರು. ಇದಕ್ಕೆ ಔಷಧ ಇತ್ತು. ಒಂದೇ ಸೂಜಿ, ಏಳು ತುಂಬುವುದರೊಳಗೆ ಚುಚ್ಚಿದರೆ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. ಸ್ವಂತಕ್ಕೆ ಕೊಳ್ಳಲು ಊರನ್ನೇ ಮಾರಬೇಕು. ಸರ್ಕಾರದ ಸಮುದಾಯ ಆರೋಗ್ಯ ಯೋಜನೆಯಲ್ಲಿ ಪುಕ್ಕಟೆ ಸಿಗುತ್ತದೆ; ಆದರೆ ಅಲ್ಲಿ ಔಷಧ ಮಂಜೂರಾಗುವುದು ಸಮುದಾಯದ ಹೆಸರಿಗೆ, ರೋಗಿಯ ಹೆಸರಿಗಲ್ಲ. ಜನಸಮೂಹವನ್ನು ಗುರುತಿಸಿ ಔಷಧ ಹಂಚಿದರೆ ಖರ್ಚು ಕಡಿಮೆಯೆಂದು ಆ ಯೋಜನೆಯ ಮೊದಲ ಪುಟದಲ್ಲೇ ಸುಧಾಮಣಿಯ ಪ್ರಬಂಧವನ್ನು ಉಲ್ಲೇಖಿಸಿ ಬರೆದಿತ್ತು.

ಮುರಿಗೆಪ್ಪ ಗಂಟಲು ಸರಿಮಾಡಿಕೊಂಡ. “ನೋಡ್ರಿ ಡಾಕ್ಟರ, ಬೈಯಾಕ ಕರೆಸಿಲ್ಲ ನಿಮ್ಮನ್ನ. ಅದು ಮುಗಿದ ಕತಿ. ನಮಗ ಹೆಸರು ನೀವs ಇಟ್ರಿ, ಈಗ ಅದನ್ನ ಸರ್ಕಾರದಾಗ ಹಚ್ಚಿಕೊಡ್ರಿ. ಕೂಡದವರು ಅಂತ ಒಂದ್ ಜನ ಐತಿ ಅಂತ ನೀವು ಸಹಿ ಹಾಕಿದ್ರ ಸಾಕು.”

“ಸಹಿ ಹಾಕಿದ್ರೆ ನಿಮ್ಮ ಮಕ್ಕಳು, ಮೊಮ್ಮಕ್ಕಳು ಎಲ್ಲ ಹುಟ್ಟಿನಿಂದಲೇ ಕೂಡದವರಾಗ್ತಾರೆ. ಅಳಿಸೋಕಾಗಲ್ಲ.”

“ಈಗ ಏನ್ ಆಗ್ಯಾರ್ರಿ?” ಎಂದಳು ದ್ರಾಕ್ಷಾಯಣಿ. “ನಿಮ್ಮ ಸಹಿ ಇಲ್ದs ಎಲ್ಲಾ ಆಗೇತಿ. ಸೂಜಿ ಒಂದs ಆಗಿಲ್ಲ.”

ಹೊರಗೆ ಬಂದಾಗ ನಸೀಮಾಳನ್ನು ಸುಧಾಮಣಿ ಕೇಳಿದಳು. “ಮಾದರಿ ಎಲ್ಲಾ ಈ ಊರಿಂದಲೇ ತಗೊಂಡಿದ್ದೀಯಲ್ಲ? ಬೇರೆ ಊರಲ್ಲಿ ಕೂಡದವರಿಲ್ವಾ?”

“ಅದಾರ್ರಿ. ಹೊಳಿ ಆಚೆ ಒಂದಿಷ್ಟು ಮನಿ ಅದಾವ. ಈ ಅಕ್ಕಾರ ಸೊಸಿ, ಲೀಲಾನ ಅವ್ವನೂ ಅಲ್ಲಿಯಾಕಿನs.”

“ಮತ್ತೆ ಅವರದ್ದೂ ಸೇರಿಸಬೇಕು. ಇಲ್ದಿದ್ರೆ ಈ ಊರಿನ ಜನಾನೇ ಅಳತೆಗೋಲು ಆಗ್ಬಿಡುತ್ತೆ.”

“ಒಂದ್ ವರ್ಷ ಹಿಡೀತೈತ್ರಿ ಮೇಡಂ. ಲೀಲಾಗ ಏಳು ತುಂಬಾಕ ಒಂದ್ ವರ್ಷ ಇಲ್ಲ.”

ಸುಧಾಮಣಿ ಮೈಸೂರಿಗೆ ವಾಪಸಾದಳು. ಮನೆಯಲ್ಲಿ ಅವಳೂ ಗಂಡನೂ ಇಬ್ಬರೇ. ಗಂಡ ರಾಮಚಂದ್ರ ಬ್ಯಾಂಕಿನಿಂದ ನಿವೃತ್ತನಾಗಿ ಅಡುಗೆ ಕಲಿತಿದ್ದ. ಅವನು ತಟ್ಟೆಗೆ ಹುಳಿ ಬಡಿಸುತ್ತಿದ್ದಾಗ ಅವಳು ವಿಮರ್ಶೆಯ ಕರಡು ಓದಿ ಹೇಳಿದಳು.

“ಹೊಳೆಯಾಚೆ ಜನಾನ ಸೇರಿಸ್ಬೇಕು ಅಂತ ಒಂದು ಸಾಲು ಇದೆ. ಇಟ್ಟರೆ ಪತ್ರಿಕೆಯೋರು ಪ್ರಬಂಧ ವಾಪಸ್ ಕಳಿಸ್ತಾರೆ. ತೆಗೆದ್ರೆ ಈ ತಿಂಗಳೇ ಬರುತ್ತೆ.”

“ಮಗುವಿನ ಜೀವ ದೊಡ್ಡದೋ ನಿನ್ನ ಸಾಲು ದೊಡ್ಡದೋ?”

“ಹೋದ ಸಲ ಎಲ್ಲ ಸಾಲೂ ಸರಿಯಾಗಿ ಇಟ್ಟಿದ್ದೆ. ಯಾರು ಓದಿದ್ರು?”

“ಅದಕ್ಕೇ ಹೇಳಿದ್ದು. ಊಟ ಮಾಡು, ಆರುತ್ತೆ.”

ಅವಳು ಆ ಸಾಲು ತೆಗೆದಳು. ಅದರ ಬದಲು, ಈ ಫಲಿತಾಂಶ ಗುಂಪಿಗೆ ಮಾತ್ರ ಅನ್ವಯಿಸುತ್ತದೆ, ಒಬ್ಬೊಬ್ಬರನ್ನು ಅಳೆಯಲು ಬಳಸಬಾರದು ಎಂದು ಸೇರಿಸಿದಳು. ಅದು ಅಚ್ಚಾಗಿ ಬಂತು, ಕೊನೆಯ ಪುಟದಲ್ಲಿ, ಧನ್ಯವಾದಗಳ ಮೇಲೆ.

ಸರ್ಕಾರದ ಮಾನ್ಯತೆ ಸಿಕ್ಕಿದ್ದು ಅಂದಾಜಿಗಿಂತ ಬೇಗ. ಮುರಿಗೆಪ್ಪ ಖುದ್ದಾಗಿ ಫೋನ್ ಮಾಡಿ ಕರೆದ. ಮೊದಲ ಸೂಜಿ ಹಾಕುವ ದಿನ ನೀವೇ ಅತಿಥಿ, ಬರದಿದ್ದರೆ ನಾವೇ ಬಂದು ಹೊತ್ತುಕೊಂಡು ಹೋಗುತ್ತೇವೆ ಎಂದ. ಹೋಗುವ ಮೊದಲು ಅವಳು ಒಮ್ಮೆ ನೆಲಮಾಳಿಗೆಗೆ ಇಳಿದಳು. ಪರದೆಯ ಮೇಲೆ ಮಗ್ಗದಾಳದ ಜಾಗದಲ್ಲಿ ಹೊಸ ಕೆಂಪು ಚುಕ್ಕೆಗಳು ಒತ್ತೊತ್ತಾಗಿ ಬೀಳುತ್ತಿದ್ದವು.

“ಔಷಧ ಕೊಡೋಕೆ ಮುಂಚೆ ಇಷ್ಟೊಂದು ಪರೀಕ್ಷೆ ಯಾಕೆ?” ಎಂದು ಕೇಳಿದಳು.

ಯಶವಂತನಿಗೂ ಗೊತ್ತಿರಲಿಲ್ಲ. “ಉತ್ಸಾಹ ಇರಬೇಕು ಮೇಡಂ,” ಎಂದ.

ಉತ್ಸಾಹವೇ ಆಗಿತ್ತು. ಸಂಘದ ಕಟ್ಟಡದ ಮುಂದೆ ಶಾಮಿಯಾನ ಹಾಕಿ ಎರಡು ಸಾಲು ಮಾಡಿದ್ದರು. ಸಾಲಿನ ತಲೆಗೆ ಮೇಜು, ಮೇಜಿನ ಮೇಲೆ ಅದೇ ಅಂಗೈಯಗಲದ ಯಂತ್ರ. ಈಗ ಅದು ಬೆಡಗು ನೋಡುತ್ತಿರಲಿಲ್ಲ. ಹತ್ತಿರದ ಸಂಬಂಧಿಗಳ ದೇಹದಲ್ಲಿ ವಂಶವಾಹಿಯ ಉದ್ದನೆಯ ತುಣುಕುಗಳು ಒಂದೇ ತರ ಇರುತ್ತವೆ. ಎದುರಿಗೆ ನಿಂತವರಲ್ಲಿ ಮಗ್ಗದಾಳದ ಕೂಡದವರ ತುಣುಕು ಎಷ್ಟಿವೆ ಎಂದು ಎಣಿಸಿ ಅದು ಅಂಕ ಕೊಡುತ್ತಿತ್ತು. ಗೆರೆಯ ಮೇಲಿದ್ದರೆ ಒಳಗೆ, ಕೆಳಗಿದ್ದರೆ ಹೊರಗೆ. ಗೆರೆ ಎಲ್ಲಿ ಎಳೆಯಬೇಕೆಂದು ಸರ್ಕಾರ ಸಂಘವನ್ನೇ ಕೇಳಿತ್ತು. ಸಂಘ ಮೇಲಕ್ಕೆ ಎಳೆದಿತ್ತು.

“ಮುರಿಗೆಪ್ಪನೋರೆ, ಯಾಕೆ ಹೀಗೆ ಮಾಡಿದ್ರಿ?”

“ಮತ್ತೇನ್ ಮಾಡೋದ್ರಿ? ನಿನ್ನೆ ಮೊನ್ನೆವರೆಗೂ ನಮ್ಮ ಓಣ್ಯಾಗ ಮೂಗು ಮುಚ್ಕೊಂಡು ಹೋಗೋರು, ಈಗ ಸವಲತ್ತು ಬಂತಂದ ಕೂಡ್ಲೆ ನಾವೂ ಕೂಡದವರ ಅಂತ ಬರಾಕ್ಹತ್ತ್ಯಾರ. ಖೋಟಾ ಯಾರು ಅಸಲಿ ಯಾರು ನೋಡಬೇಕಲ್ರಿ. ನಾವು ಇಷ್ಟು ವರ್ಷ ಉಗುಳಸ್ಕೊಂಡಿದ್ದು ಪುಕ್ಕಟೆ ಅಲ್ಲ.” ಅವನು ಅವಳ ಕೊರಳಿಗೆ ಹಾರ ಹಾಕಿದ. ಜನ ಚಪ್ಪಾಳೆ ತಟ್ಟಿದರು.

ದ್ರಾಕ್ಷಾಯಣಿ ಮೊಮ್ಮಗಳನ್ನು ಟೊಂಕದ ಮೇಲೆ ಹೊತ್ತು ಸಾಲಿನಲ್ಲಿ ನಿಂತಿದ್ದಳು. ಶಿವಲೀಲಾಗೆ ಈಗ ಕೈ ಊರಿಯೂ ಏಳಲಾಗುತ್ತಿರಲಿಲ್ಲ. ಮೇಜಿನ ಬಳಿ ಬಂದಾಗ ಮಗು ನಳಿಕೆಗೆ ಉಗುಳಿತು. ಯಂತ್ರ ಸ್ವಲ್ಪ ಹೊತ್ತು ಗುಂಯ್ ಎಂದಿತು. ಮೇಜಿನ ಹಿಂದೆ ಕೂತಿದ್ದ ಯುವಕ ಅಂಕ ನೋಡಿ, ಇನ್ನೊಮ್ಮೆ ನೋಡಿ, ಮುರಿಗೆಪ್ಪನ ಕಡೆ ಮುಖ ಮಾಡಿದ.

“ಕಡಿಮಿ ಬಂದೈತ್ರಿ ಅಧ್ಯಕ್ಷರ.”

“ಹೆಂಗ್ ಬರತೈತಿ? ದ್ರಾಕ್ಷಾಯಣಕ್ಕನ ಮೊಮ್ಮಗಳೋ ಅದು.”

“ತಾಯಿದು ಹೊಳಿ ಆಚಿ ಊರಲ್ರಿ? ಆ ಕಡೆ ತುಣುಕು ನಮ್ಮ ಮಶಿನ್‌ನ್ಯಾಗ ಇಲ್ಲ.”

ಸುಧಾಮಣಿ ವೇದಿಕೆಯಿಂದ ಇಳಿದು ಬಂದಳು. ಹಾರ ಇನ್ನೂ ಕೊರಳಲ್ಲೇ ಇತ್ತು. “ಅಂಕ ಬಿಡಿ. ಕಾಯಿಲೆ ಇದೆಯಲ್ಲ! ಕಾಯಿಲೆಯ ತುಣುಕು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿದೆ, ಅದಕ್ಕೇ ಮಗು ಹೀಗಾಗಿರೋದು. ತಾಯಿ ಕಡೆಯ ಉಳಿದ ತುಣುಕು ಮಗ್ಗದಾಳದ್ದಲ್ಲ ಅಷ್ಟೇ. ಕಣ್ಣಿಗೆ ಕಾಣ್ತಿದೆ, ಕಾಲು ನೋಡಿ.”

“ಕಾಲು ನೋಡಿ ಸೂಜಿ ಹಾಕೋ ಹಂಗಿದ್ರ ನಿಮ್ಮ ಪ್ರಬಂಧ ಯಾಕ ಬೇಕಿತ್ರಿ?” ಎಂದ ಮುರಿಗೆಪ್ಪ. ಕೆಟ್ಟ ಮನುಷ್ಯನಲ್ಲ, ಅವನ ದನಿಯಲ್ಲಿ ಮರುಕವೂ ಇತ್ತು. “ಬಂದಿರೋವು ಎಣಿಸಿದಷ್ಟ ಸೂಜಿ. ಒಬ್ರಿಗೆ ಗೆರಿ ಇಳಿಸಿದ್ರ ನಾಳೆ ಇಡೀ ಜಿಲ್ಲಾ ಬರತೈತಿ. ನನ್ನ ಖಾಸ ತಮ್ಮನ ಮಗಾನ್ನೂ ಹೊರಗ ಹಾಕೀನ್ರಿ. ಅಕ್ಕಾ, ಸಿಟ್ಟಾಗಬ್ಯಾಡ. ಸಾಲು ಬಿಡು.”

ದ್ರಾಕ್ಷಾಯಣಿ ಸಾಲು ಬಿಡಲಿಲ್ಲ. ಹಿಂದಿನವರು ಗೊಣಗಲು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಕೇಳುವ ಹಾಗೆ. ಹೊಳಿ ಆಚಿನವರ್ನ ತಂದು ಒಳಗ ತುರುಕ್ಯಾರ. ಆಗs ಹೇಳಿದ್ವಿ. ಯಾವಾಕಿನೋ ಏನೋ. ಸಾಲಿನ ಮಧ್ಯದಿಂದ ಒಬ್ಬ ಹೆಂಗಸು ತನ್ನ ಮಗುವನ್ನು ಶಿವಲೀಲಾಳ ಹತ್ತಿರದಿಂದ ಆಚೆ ಎಳೆದುಕೊಂಡಳು. ಆ ಮಗುವಿನ ಕಾಲೂ ಹಾಗೆಯೇ ಎಳೆದುಕೊಂಡು ಹೋಯಿತು.

ಕೊನೆಗೆ ದ್ರಾಕ್ಷಾಯಣಿ ತಾನಾಗಿ ಬದಿಗೆ ಬಂದಳು. ಶಾಮಿಯಾನದ ಕಂಬಕ್ಕೆ ಒರಗಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸುಧಾಮಣಿಯನ್ನು ಹತ್ತಿರ ಕರೆದಳು. ಬೈಯುತ್ತಾಳೆಂದುಕೊಂಡು ಸುಧಾಮಣಿ ಹೋದಳು. ಬೈಸಿಕೊಳ್ಳುವುದೇ ವಾಸಿ ಎಂದು ಅನ್ನಿಸಿತ್ತು ಅವಳಿಗೆ.

“ಹಿಂಗ ಹೊರಗ ಉಳಿದೋರು ಎಷ್ಟ ಮನಿ ಅದಾರ್ರಿ?”

“ಏಳೆಂಟು ಇರಬಹುದು. ಯಾಕೆ?”

“ನಮ್ಮ ಮ್ಯಾಲೂ ಒಂದ್ ಬರೀರಿ.”

“ಏನು?”

“ಹಂಗs, ಇವರ ಮ್ಯಾಲೆ ಬರದಂಗ. ಹೊಳಿ ಕೂಡದವರು ಅಂತೋ ಏನರ ಒಂದು ಹೆಸರು ಇಡ್ರಿ. ನಿಮಗ ಬರತೈತಲ್ಲ ಹೆಸರಿಡಾಕ.” ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ರೇಷನ್ ಕಾರ್ಡಿಗೆ ಹೆಸರು ಸೇರಿಸಿ ಎಂದು ಕೇಳುವವರ ದನಿ ಅದು. “ಭಾಳ ಹೊತ್ತು ಇಲ್ರಿ. ಲಗೂನ ಬರೀರಿ.”

ಸುಧಾಮಣಿ ಇಲ್ಲವೆನ್ನಲು ಬಾಯಿ ತೆರೆದಳು. ಮಗು ಅವಳನ್ನೇ ನೋಡುತ್ತಿತ್ತು. ಅವಳ ಬಾಯಿಂದ ಬಂದದ್ದು ಬೇರೆಯೇ: “ಏಳೆಂಟು ಮನೆ ಸಾಲಲ್ಲ. ಹೊಳೆಯಾಚೆದೂ ಬೇಕಾಗುತ್ತೆ.”

ಪಕ್ಕದಲ್ಲಿ ನಸೀಮಾ ಆಗಲೇ ಚೀಲ ಬಿಚ್ಚಿ ಹೊಸ ನಳಿಕೆಗಳ ಪೊಟ್ಟಣ ಒಡೆಯುತ್ತಿದ್ದಳು. ಒಂದರ ಮುಚ್ಚಳ ತಿರುವಿ ಮಗುವಿನ ತುಟಿಗೆ ಹಿಡಿದಳು.

“ಉಗುಳವಾ ಲೀಲಾ,” ಎಂದಳು ಅಜ್ಜಿ. “ಇನ್ನೊಂದ್ ಸಲ ಉಗುಳು.”